ಹೊಸ ನೀರಿಗೆ ಮೊದಲು ಹೆಪ್ಪು, ಆಮೇಲೆ ಮೀನು

ಅಡಿಕೆ ಮಂಡಿಯ ಕೆಲಸಕ್ಕೆ ಶಿವಮೊಗ್ಗಕ್ಕೋ, ಕಚೇರಿ ಕೆಲಸಕ್ಕೆ ಭದ್ರಾವತಿಗೋ ಹೋದವರು ಹಿಂತಿರುಗುವಾಗ ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ಒಂದು ಗಾಜಿನ ತೊಟ್ಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕಾರು ಬಣ್ಣದ ಮೀನುಗಳನ್ನೂ ತರುವುದು ಈಗ ಹಳ್ಳಿಗಳಲ್ಲಿಯೂ ಅಪರೂಪವಲ್ಲ. ಮನೆಗೆ ಬಂದೊಡನೆ ತೊಟ್ಟಿಯನ್ನು ತೊಳೆದು, ನಲ್ಲಿಯ ನೀರು ತುಂಬಿ, ಅಂದೇ ಮೀನು ಬಿಡುತ್ತಾರೆ. ಎರಡು ದಿನ ಮೀನುಗಳು ಚೆನ್ನಾಗಿಯೇ ಓಡಾಡಿಕೊಂಡಿರುತ್ತವೆ. ನಾಲ್ಕನೆಯ ದಿನವೋ ಐದನೆಯ ದಿನವೋ ಮೇಲಕ್ಕೆ ಬಂದು ಬಾಯಿ ತೆರೆಯತೊಡಗುತ್ತವೆ. ಹತ್ತು ದಿನ ಕಳೆಯುವುದರೊಳಗೆ ಒಂದರ ಹಿಂದೆ ಒಂದು ಸತ್ತು ತೇಲುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ಒಬ್ಬರು, ದೃಷ್ಟಿ ತಾಗಿತು ಎಂದು ಇನ್ನೊಬ್ಬರು. ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತಾನೇ ಹೊತ್ತುಕೊಂಡು ಹೋಯಿತು ಎಂದು ಸಮಾಧಾನ ಪಟ್ಟುಕೊಳ್ಳುವವರೂ ಇದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಇದಾವುದೂ ಅಲ್ಲ. ನೀರು ತಿಳಿಯಾಗಿತ್ತು, ಆದರೆ ಹದವಾಗಿರಲಿಲ್ಲ.

ಇದು ಮಕ್ಕಳ ಆಟದ ಮಾತಷ್ಟೇ ಆಗಿದ್ದರೆ ಕೃಷಿ ಪುಟದಲ್ಲಿ ಬರೆಯುವ ಅಗತ್ಯವಿರಲಿಲ್ಲ. ಹಿತ್ತಿಲಲ್ಲಿ ನಾಲ್ಕು ಸಿಮೆಂಟ್ ತೊಟ್ಟಿ ಕಟ್ಟಿ ಅಲಂಕಾರಿಕ ಮೀನು ಸಾಕುವುದು ಒಂದು ಉಪಕಸುಬಾಗಿದೆ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇಂತಹ ಹಿತ್ತಿಲ ಘಟಕಕ್ಕೆ ೩ ಲಕ್ಷ ರೂಪಾಯಿ ವೆಚ್ಚ ನಿಗದಿ ಮಾಡಿ, ಸಾಮಾನ್ಯ ವರ್ಗದವರಿಗೆ ಶೇಕಡ ೪೦, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಶೇಕಡ ೬೦ ಸಹಾಯಧನ ಇಡಲಾಯಿತು. ಉಳಿದ ಹಣ ಸಾಕುವವರ ಕೈಯಿಂದಲೇ ಹೋಗಬೇಕು. ಮಗುವಿನ ತೊಟ್ಟಿಯಲ್ಲಿ ಆರು ಮೀನು ಸತ್ತರೆ ಒಂದು ದಿನದ ಅಳು. ಹಿತ್ತಿಲ ತೊಟ್ಟಿಗಳಲ್ಲಿ ಆರು ನೂರು ಸತ್ತರೆ ಸಂಘದಿಂದ ಎತ್ತಿದ ಸಾಲದ ಕಂತು ನಿಲ್ಲುತ್ತದೆ. ಎರಡಕ್ಕೂ ಕಾರಣ ಒಂದೇ, ಪರಿಹಾರವೂ ಒಂದೇ.

ಹಸಿ ಗೊಬ್ಬರದ ಲೆಕ್ಕ

ಹಸಿ ಸಗಣಿಯನ್ನು ನೇರವಾಗಿ ಸಸಿಯ ಬುಡಕ್ಕೆ ಹಾಕಿದರೆ ಸಸಿ ಸುಟ್ಟುಹೋಗುತ್ತದೆ ಎಂಬುದನ್ನು ಯಾವ ರೈತರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಸಗಣಿ ಗುಂಡಿಯಲ್ಲಿ ಕೊಳೆತು ಹದವಾದ ಮೇಲೆ ಗಿಡಕ್ಕೆ ಆಹಾರವಾಗುತ್ತದೆ. ಈ ನಡುವಿನ ಕೆಲಸ ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಮೀನಿನ ತೊಟ್ಟಿಯಲ್ಲಿಯೂ ಇದೇ ಲೆಕ್ಕ.

ಮೀನು ಉಸಿರಾಡುವಾಗ ಅದರ ಕಿವಿರುಗಳ ಮೂಲಕ ಅಮೋನಿಯ ಹೊರಬೀಳುತ್ತದೆ. ತಿನ್ನದೆ ಬಿಟ್ಟ ಆಹಾರ, ಹಿಕ್ಕೆ, ಕೊಳೆತ ಎಲೆ ಇವೆಲ್ಲದರಿಂದಲೂ ಬರುವುದು ಅಮೋನಿಯವೇ. ಇದು ಮೀನಿಗೆ ವಿಷ, ಕಿವಿರನ್ನು ಸುಡುತ್ತದೆ. ಹಳೆಯ ತೊಟ್ಟಿಯಲ್ಲಿ ನೆಲೆಸಿರುವ ಒಂದು ಗುಂಪಿನ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ನೈಟ್ರೈಟ್ ಎಂಬ ಇನ್ನೊಂದು ವಸ್ತುವಾಗಿ ಮಾಡುತ್ತವೆ. ಅದೂ ವಿಷವೇ. ರಕ್ತಕ್ಕೆ ಸೇರಿದರೆ ರಕ್ತ ಕಂದುಬಣ್ಣಕ್ಕೆ ತಿರುಗಿ, ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಎರಡನೆಯ ಗುಂಪಿನ ಬ್ಯಾಕ್ಟೀರಿಯಗಳು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ನೈಟ್ರೇಟ್ ಸಾಮಾನ್ಯ ಪ್ರಮಾಣದಲ್ಲಿ ಮೀನಿಗೆ ಅಷ್ಟಾಗಿ ಬಾಧಕವಲ್ಲ; ಗಿಡಗಳಿಗಂತೂ ಗೊಬ್ಬರ.

ಹೊಸ ತೊಟ್ಟಿಯಲ್ಲಿ ಈ ಎರಡು ಗುಂಪುಗಳೂ ಇರುವುದಿಲ್ಲ. ಗಾಜು ಹೊಸದು, ಮರಳು ತೊಳೆದದ್ದು, ನೀರು ಕ್ಲೋರಿನ್ ಬೆರೆಸಿದ್ದು. ಮೀನು ಬಿಟ್ಟ ಗಳಿಗೆಯಿಂದ ಅಮೋನಿಯ ಸೇರುತ್ತಲೇ ಹೋಗುತ್ತದೆ, ತೆಗೆಯುವವರು ಯಾರೂ ಇಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನುಗಳಿಗೆ ಜನ ಮಂಡಕ್ಕಿ ಎರಚುತ್ತಾರಲ್ಲ, ಅಲ್ಲಿ ಅಷ್ಟೊಂದು ಮೀನು ಒತ್ತಾಗಿದ್ದರೂ ಸಾಯುವುದಿಲ್ಲವಲ್ಲ ಎಂದು ಕೇಳಬಹುದು. ಅಲ್ಲಿ ಹರಿಯುವುದು ತುಂಗೆ. ಹೊಲಸು ನಿಂತಲ್ಲಿ ನಿಲ್ಲುವುದಿಲ್ಲ; ಹೊಳೆಯ ಪ್ರತಿಯೊಂದು ಕಲ್ಲಿನ ಮೇಲಿನ ಪಾಚಿಯ ಜಾರಿನಲ್ಲೂ ಈ ಬ್ಯಾಕ್ಟೀರಿಯಗಳಿವೆ. ಗಾಜಿನ ತೊಟ್ಟಿಗೆ ಈ ಎರಡು ಅನುಕೂಲಗಳೂ ಇಲ್ಲ.

ಇಪ್ಪತ್ತು ದಿನ ಏನೂ ಆಗಲಿಲ್ಲ

ಈ ಕೆಲಸ ಜೀವಿಗಳದ್ದು ಎಂದು ತಿಳಿದದ್ದು ಬಹಳ ಹಿಂದೇನೂ ಅಲ್ಲ. ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಉದ್ದನೆಯ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಅದರ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಮೊದಲ ಇಪ್ಪತ್ತು ದಿನ ಮೇಲೆ ಹಾಕಿದ ಅಮೋನಿಯ ಹಾಗೆಯೇ ಕೆಳಗೆ ಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು. ಕೊನೆಗೆ ಅಮೋನಿಯ ಉಳಿಯಲೇ ಇಲ್ಲ. ಕೊಳವೆಯೊಳಕ್ಕೆ ಕ್ಲೋರೋಫಾರಂ ಆವಿ ಬಿಟ್ಟಾಗ ಕೆಲಸ ನಿಂತುಹೋಯಿತು. ತೋಟದ ಮಣ್ಣನ್ನು ನೀರಿನಲ್ಲಿ ಕದಡಿ ಸ್ವಲ್ಪ ಸುರಿದಾಗ ಕೆಲವು ದಿನಗಳಲ್ಲಿ ಮತ್ತೆ ನಡೆಯಿತು. ಕೊಂದರೆ ನಿಲ್ಲುವುದು, ಬಿತ್ತಿದರೆ ಹುಟ್ಟುವುದು ಜೀವವೇ ಇರಬೇಕಷ್ಟೆ. ೧೮೯೦ರ ಸುಮಾರಿಗೆ ರಷ್ಯದ ವಿನೊಗ್ರಾಡ್ಸ್ಕಿ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ೨೦೧೫ರಲ್ಲಿ ಎರಡೂ ಕೆಲಸಗಳನ್ನು ಒಂದೇ ಬ್ಯಾಕ್ಟೀರಿಯ ಮಾಡಬಲ್ಲದು ಎಂಬುದೂ ಪತ್ತೆಯಾಯಿತು. ಅದು ಸಿಕ್ಕಿದ ಜಾಗಗಳಲ್ಲಿ ಒಂದು, ಮೀನು ಸಾಕುವ ತೊಟ್ಟಿಯ ಶೋಧಕ.

ಆ ಇಪ್ಪತ್ತು ದಿನಗಳನ್ನು ಓದುಗರು ಗಮನಿಸಬೇಕು. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರಾಗುತ್ತದೆ, ಏಕೆಂದರೆ ಮೊಸರಿನ ಜೀವಿಗಳು ಗಂಟೆಗೆಲ್ಲ ಇಮ್ಮಡಿಯಾಗುವಂಥವು. ಅಮೋನಿಯ ತಿನ್ನುವ ಜೀವಿಗಳು ನಿಧಾನದವು; ಇಮ್ಮಡಿಯಾಗಲು ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಬೇಗ, ಆಷಾಢ ಶ್ರಾವಣದ ಮಳೆಯ ಚಳಿಯಲ್ಲಿ ತಡ.

ತೊಟ್ಟಿಯನ್ನು ಹದ ಮಾಡುವ ಕ್ರಮ

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಮರಳು, ಮೇಲಿನ ಖಾಲಿ ಜಾಗ ಕಳೆದು ಸುಮಾರು ೪೫ ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಬೇಡ. ಮೇಜಿನ ಮೇಲಿಡುವ ಗುಂಡನೆಯ ಗಾಜಿನ ಬೋಗುಣಿಯಲ್ಲಿ ಮೀನು ಸಾಕುವುದನ್ನು ಕ್ರೌರ್ಯವೆಂದೇ ಹೇಳಬೇಕು.

ತಳಕ್ಕೆ ಸಣ್ಣ ಜಲ್ಲಿ ಅಥವಾ ದಪ್ಪ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಎರಡು ಅಂಗುಲ ಹರಡಬೇಕು. ಸೋಪು ಮುಟ್ಟಿಸಬಾರದು. ಗಾಳಿ ಪಂಪಿಗೆ ಜೋಡಿಸುವ ಸ್ಪಂಜಿನ ಶೋಧಕ ಅಗ್ಗ ಮತ್ತು ಸಾಕು. ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಅವು ಸ್ಪಂಜಿಗೆ, ಜಲ್ಲಿಗೆ, ಗಾಜಿಗೆ ಅಂಟಿಕೊಂಡು ಬಾಳುತ್ತವೆ. ಅವಕ್ಕೆ ಗಾಳಿ ಬೇಕೇಬೇಕು. ಪಂಪು ಹಗಲೂ ರಾತ್ರಿಯೂ ನಡೆಯಬೇಕು.

ಶಿವಮೊಗ್ಗದ ನಲ್ಲಿಗೆ ತುಂಗೆಯ ನೀರು, ಭದ್ರಾವತಿಯ ನಲ್ಲಿಗೆ ಭದ್ರೆಯ ನೀರು. ಎರಡಕ್ಕೂ ಶುದ್ಧೀಕರಣದಲ್ಲಿ ಕ್ಲೋರಿನ್ ಬೆರೆಸಿರುತ್ತಾರೆ. ಹಳ್ಳಿಯ ಮೇಲ್ತೊಟ್ಟಿಗೂ ಬ್ಲೀಚಿಂಗ್ ಪುಡಿ ಬೀಳುತ್ತದೆ. ಕ್ಲೋರಿನ್ ಮೀನನ್ನೂ ಕೊಲ್ಲುತ್ತದೆ, ನಾವು ಬೆಳೆಸಬೇಕೆಂದಿರುವ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟ ನೀರನ್ನೇ ಬಳಸಬೇಕು. ಅವಸರವಿದ್ದರೆ ಹಿಂದೆ ಛಾಯಾಚಿತ್ರದವರು ಬಳಸುತ್ತಿದ್ದ ಹೈಪೋ ಹರಳು ಮೀನಿನ ಅಂಗಡಿಯಲ್ಲಿ ಸಿಗುತ್ತದೆ. ೧೦೦ ಲೀಟರಿಗೆ ಒಂದು ಗ್ರಾಂ ಸಾಕು. ಕೊಳವೆ ಬಾವಿಯ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಪ್ರಾಣವಾಯುವೂ ಕಡಿಮೆ. ಅದನ್ನೂ ಒಂದು ದಿನ ಗಾಳಿ ಆಡಿಸಿಯೇ ತುಂಬಬೇಕು.

ಈಗ ತೊಟ್ಟಿ ತುಂಬಿದೆ, ಪಂಪು ನಡೆಯುತ್ತಿದೆ, ಮೀನಿಲ್ಲ. ಮೀನಿಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಬೇಕು. ನೋಡುವವರಿಗೆ ಹುಚ್ಚೆನಿಸಬಹುದು. ಆ ಆಹಾರ ಕೊಳೆತು ಅಮೋನಿಯವಾಗುತ್ತದೆ, ಅಮೋನಿಯವೇ ಬ್ಯಾಕ್ಟೀರಿಯಕ್ಕೆ ಊಟ. ಹಸುವಿಲ್ಲದ ಕೊಟ್ಟಿಗೆಗೆ ಹುಲ್ಲು ಹಾಕಿದ ಹಾಗಲ್ಲ ಇದು. ಬೇರೆ ದನ ಆಗಲೇ ಬಂದು ಕಟ್ಟಿಕೊಂಡಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಹೆಪ್ಪು ಸಿಕ್ಕಿದರೆ ಕಾಲ ಅರ್ಧಕ್ಕೆ ಇಳಿಯುತ್ತದೆ. ಪರಿಚಯದವರ ಮನೆಯಲ್ಲಿ ವರ್ಷಗಟ್ಟಲೆ ಆರೋಗ್ಯವಾಗಿ ನಡೆದುಬಂದ ತೊಟ್ಟಿಯಿದ್ದರೆ ಅದರ ಸ್ಪಂಜಿನ ತುಂಡನ್ನೋ ಎರಡು ಬೊಗಸೆ ಜಲ್ಲಿಯನ್ನೋ ಅದೇ ತೊಟ್ಟಿಯ ನೀರಿನಲ್ಲಿ ನೆನೆಸಿಕೊಂಡು, ಒಣಗದಂತೆ ತಂದು, ಅಂದೇ ಹಾಕಬೇಕು. ಬಿಸಿಲಿನಲ್ಲಿ ಬಸ್ಸಿನ ಕಿಟಕಿಯ ಬಳಿ ಇಟ್ಟು ತಂದರೆ ಪ್ರಯೋಜನವಿಲ್ಲ. ಕೆರೆಯ ಕೆಸರು ಹಾಕಬಹುದೇ ಎಂದರೆ, ಬ್ಯಾಕ್ಟೀರಿಯ ಅದರಲ್ಲಿಯೂ ಇದೆ. ಜೊತೆಗೆ ಮೀನಿನ ಹೇನು, ಜಿಗಣೆ, ಮರಿಮೀನು ತಿನ್ನುವ ಹುಳುಗಳೂ ಬರುತ್ತವೆ. ಬೇಡ.

ಯೂರಿಯಾ ಹಾಕಬಾರದೇಕೆ?

ಅಮೋನಿಯ ತಾನೆ ಬೇಕಾದದ್ದು, ಮನೆಯಲ್ಲಿ ಯೂರಿಯಾ ಇದೆಯಲ್ಲ ಎಂದು ರೈತರಿಗೆ ತೋಚುವುದು ಸಹಜ. ಇಲ್ಲಿ ಒಂದು ಸ್ವಾರಸ್ಯವಿದೆ. ೨೦೧೫ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಯಿತು. ಏಕೆ? ಬೇವಿನ ಅಂಶ ಮಣ್ಣಿನಲ್ಲಿರುವ ಇದೇ ಬ್ಯಾಕ್ಟೀರಿಯಗಳನ್ನು ನಿಧಾನ ಮಾಡುತ್ತದೆ. ಗದ್ದೆಯಲ್ಲಿ ಅಮೋನಿಯ ಬೇಗನೆ ನೈಟ್ರೇಟ್ ಆಗಿಬಿಟ್ಟರೆ ಅದು ನೀರಿನೊಡನೆ ಇಂಗಿಹೋಗುತ್ತದೆ, ಇಲ್ಲವೇ ಕೆಸರಿನಲ್ಲಿ ಅನಿಲವಾಗಿ ಹಾರಿಹೋಗುತ್ತದೆ, ರೈತನಿಗೆ ನಷ್ಟ. ಆದ್ದರಿಂದ ಗದ್ದೆಯಲ್ಲಿ ಈ ಜೀವಿಗಳಿಗೆ ಕಡಿವಾಣ. ಮೀನಿನ ತೊಟ್ಟಿಯಲ್ಲಿ ನಮಗೆ ಬೇಕಾದದ್ದು ಅದರ ತದ್ವಿರುದ್ಧ. ಒಲೆ ಹೊತ್ತಿಸಬೇಕಾದಲ್ಲಿ ಒದ್ದೆ ಸೌದೆ ಒಟ್ಟಿದಂತಾಗುತ್ತದೆ. ಬೇವಿನ ಅಂಶ ಮೀನಿಗೂ ಒಳ್ಳೆಯದಲ್ಲ. ಅಲ್ಲದೆ ೪೫ ಲೀಟರಿಗೆ ಯೂರಿಯಾ ಎಷ್ಟು ಎಂದು ಕೈ ಅಳತೆಯಲ್ಲಿ ಹಾಕಿದರೆ ಹೆಚ್ಚಾಗುವುದು ಖಂಡಿತ. ಅಮೋನಿಯ ಲೀಟರಿಗೆ ೫ ಮಿಲಿಗ್ರಾಂ ಮೀರಿದರೆ ಬ್ಯಾಕ್ಟೀರಿಯದ ಬೆಳವಣಿಗೆಯೇ ಕುಂಠಿತವಾಗಬಹುದು. ೨ ಮಿಲಿಗ್ರಾಂ ಸಾಕು.

ಹದಕ್ಕೆ ಬಂದದ್ದನ್ನು ತಿಳಿಯುವುದು ಹೇಗೆ?

ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆಗಳು ಮೀನಿನ ಅಂಗಡಿಗಳಲ್ಲಿ ಸಿಗುತ್ತವೆ. ಒಬ್ಬರೇ ಕೊಳ್ಳುವುದು ದುಬಾರಿಯೆನಿಸಿದರೆ ನಾಲ್ಕು ಮನೆಯವರು, ಅಥವಾ ಸಂಘದವರು, ಸೇರಿ ಒಂದು ಕೊಳ್ಳಬಹುದು. ಮೊದಲ ಒಂದೆರಡು ವಾರ ಅಮೋನಿಯ ಏರುತ್ತದೆ. ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ. ಇಲ್ಲಿಯೇ ಬಹಳ ಜನ ಮೋಸಹೋಗುವುದು. ಅಮೋನಿಯ ಸೊನ್ನೆಯಾಯಿತೆಂದು ಮೀನು ಬಿಡುತ್ತಾರೆ, ನೈಟ್ರೈಟಿಗೆ ಬಲಿಕೊಡುತ್ತಾರೆ. ನೈಟ್ರೈಟ್ ಇಳಿಯಲು ಅಮೋನಿಯಕ್ಕಿಂತ ಹೆಚ್ಚು ದಿನ ಬೇಕಾಗುವುದುಂಟು. ಹಿಂದಿನ ದಿನ ಆಹಾರ ಹಾಕಿದ್ದು, ಮರುದಿನ ನೋಡಿದಾಗ ಅಮೋನಿಯವೂ ನೈಟ್ರೈಟೂ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಕಾಣುತ್ತಿದೆ, ಮೂರು ನಾಲ್ಕು ದಿನ ಹೀಗೆಯೇ ಇದೆ ಎಂದಾದರೆ ತೊಟ್ಟಿ ಸಿದ್ಧ. ನಡುವೆ ನೀರು ಒಂದೆರಡು ದಿನ ಹಾಲು ಬೆರೆಸಿದಂತೆ ಮಬ್ಬಾಗಬಹುದು. ಹೆದರಿ ಎಲ್ಲ ಚೆಲ್ಲಿ ತೊಳೆದರೆ ಮತ್ತೆ ಮೊದಲಿನಿಂದ ಆರಂಭ.

ಮಲೆನಾಡಿನ ನೀರಿಗೆ ಒಂದು ವಿಶೇಷವಿದೆ. ತುಂಗಾ ಭದ್ರೆಯರ ನೀರು ಮೆದು, ಸುಣ್ಣದ ಅಂಶ ಕಡಿಮೆ. ಅಮೋನಿಯವನ್ನು ನೈಟ್ರೇಟ್ ಮಾಡುವ ಕೆಲಸದಲ್ಲಿ ನೀರಿನ ಕ್ಷಾರ ಖರ್ಚಾಗಿ ನೀರು ಹುಳಿಯಾಗುತ್ತ ಹೋಗುತ್ತದೆ. ರಸಸಾರ, ಅಂದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿ.ಎಚ್. ಎಂದು ಬರೆದಿರುವ ಅಂಕಿ, ೬ಕ್ಕೆ ಇಳಿದರೆ ಬ್ಯಾಕ್ಟೀರಿಯ ಕೆಲಸ ನಿಲ್ಲಿಸಿಬಿಡುತ್ತವೆ. ಮೂರು ವಾರವಾದರೂ ಅಮೋನಿಯ ಇಳಿಯಲಿಲ್ಲವೆಂದರೆ ಇದನ್ನೇ ಮೊದಲು ಸಂಶಯಿಸಬೇಕು. ಕಪ್ಪೆಚಿಪ್ಪನ್ನು ಕುಟ್ಟಿ ಒಂದು ಹಿಡಿಯಷ್ಟನ್ನು ಬಟ್ಟೆಯಲ್ಲಿ ಕಟ್ಟಿ ಶೋಧಕದ ಬಳಿ ಇಳಿಬಿಟ್ಟರೆ ಸಾಕು. ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳಿಗೆ ಸುಣ್ಣಕಲ್ಲು ಬೆರೆಸಿದ್ದು ಇದೇ ಉದ್ದೇಶಕ್ಕೆ ಒದಗಿಬಂತು.

ತೊಟ್ಟಿ ಸಿದ್ಧವಾದ ಮೇಲೆ ಅರ್ಧ ನೀರು ಬದಲಿಸಿ ಮೊದಲಿಗೆ ನಾಲ್ಕೈದು ಗಪ್ಪಿ ಅಥವಾ ಮೋಲಿ ಮೀನು ಬಿಡಬೇಕು. ಎರಡು ವಾರದ ನಂತರ ಇನ್ನಷ್ಟು. ಮಕ್ಕಳು ಕೇಳುವುದು ಗೋಲ್ಡ್ ಫಿಷ್. ಅದು ಹೊಲಸು ಮಾಡುವುದು ಹೆಚ್ಚು, ದೊಡ್ಡದಾಗಿ ಬೆಳೆಯುವಂಥದು, ಈ ಅಳತೆಯ ತೊಟ್ಟಿಗೆ ತಕ್ಕದ್ದಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ, ವಾರಕ್ಕೊಮ್ಮೆ ಕಾಲು ಭಾಗ ನೀರಿನ ಬದಲಾವಣೆ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನವಿಡೀ ಕರೆಂಟ್ ಹೋದರೆ ಆಹಾರ ಹಾಕಬಾರದು. ಗಂಟೆಗೊಮ್ಮೆ ಚೊಂಬಿನಿಂದ ತೊಟ್ಟಿಯ ನೀರನ್ನೇ ಎತ್ತರದಿಂದ ಹತ್ತಾರು ಸಲ ಹೊಯ್ಯಬೇಕು.

ಈಗಾಗಲೇ ಬಿಟ್ಟಿದ್ದರೆ

ಇದನ್ನು ಓದುವಾಗಲೇ ಮನೆಯ ತೊಟ್ಟಿಯಲ್ಲಿ ಮೀನು ಬಾಯಿ ತೆರೆಯುತ್ತಿದ್ದರೆ ಔಷಧದ ಬಾಟಲಿ ತರಬೇಡಿ. ಎರಡು ದಿನ ಆಹಾರ ನಿಲ್ಲಿಸಿ. ಮೀನು ಉಪವಾಸದಿಂದ ಸಾಯುವುದಿಲ್ಲ. ದಿನವೂ ಮೂರನೆಯ ಒಂದು ಪಾಲು ನೀರು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ಬಿಸುಪಿನ ನೀರು ತುಂಬಿ. ಹತ್ತು ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿದರೆ ನೈಟ್ರೈಟ್ ಮೀನಿನ ರಕ್ತಕ್ಕೆ ಸೇರುವುದನ್ನು ಉಪ್ಪಿನ ಅಂಶ ತಡೆಯುತ್ತದೆ. ಉಪ್ಪನ್ನು ಪ್ರತಿದಿನ ಪೂರ್ತಿಯಾಗಿ ಹಾಕಬಾರದು, ಬದಲಿಸಿದ ನೀರಿನ ಪಾಲಿಗಷ್ಟೇ ಸೇರಿಸಬೇಕು. ಹೀಗೆ ಮೂರು ನಾಲ್ಕು ವಾರ ನಡೆಸಿದರೆ ಉಳಿದ ಮೀನುಗಳ ನಡುವೆಯೇ ತೊಟ್ಟಿ ಹದಕ್ಕೆ ಬರುತ್ತದೆ.

ಸಿಮೆಂಟ್ ತೊಟ್ಟಿಯ ಮಾತೇ ಬೇರೆ

ಹಿತ್ತಿಲಲ್ಲಿ ಹೊಸದಾಗಿ ಕಟ್ಟಿದ ಸಿಮೆಂಟ್ ತೊಟ್ಟಿಯಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿದೆ. ಹಸಿ ಸಿಮೆಂಟಿನಿಂದ ಸುಣ್ಣ ಬಿಡುತ್ತಲೇ ಇರುತ್ತದೆ, ನೀರಿನ ರಸಸಾರ ೯, ೧೦ ದಾಟುತ್ತದೆ. ಅಮೋನಿಯದ ವಿಷ ರಸಸಾರದ ಮೇಲೆ ನಿಂತಿದೆ. ೨೫ ಡಿಗ್ರಿ ಬಿಸುಪಿನಲ್ಲಿ, ರಸಸಾರ ೭ ಇದ್ದಾಗ ನೀರಿನಲ್ಲಿರುವ ಅಮೋನಿಯದಲ್ಲಿ ತೀವ್ರ ವಿಷರೂಪದಲ್ಲಿರುವುದು ಸಾವಿರಕ್ಕೆ ಆರು ಪಾಲು ಮಾತ್ರ. ೮ ಇದ್ದರೆ ನೂರಕ್ಕೆ ಐದು. ೯ ಆದರೆ ಮೂರನೆಯ ಒಂದು ಪಾಲಿಗೂ ಹೆಚ್ಚು. ಅಷ್ಟೇ ಅಮೋನಿಯ ಗಾಜಿನ ತೊಟ್ಟಿಯಲ್ಲಿ ಸಹ್ಯ, ಹೊಸ ಸಿಮೆಂಟ್ ತೊಟ್ಟಿಯಲ್ಲಿ ಮಾರಕ.

ಆದ್ದರಿಂದ ತೊಟ್ಟಿ ತುಂಬಿ, ಬಾಳೆಯ ದಿಂಡನ್ನು ಸೀಳಿ ಹಾಕಿ, ಮೂರು ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ಮತ್ತೆ ತುಂಬುತ್ತ ಮೂರು ವಾರ ಕಳೆಯಬೇಕು. ದಿಂಡು ಕೊಳೆಯುವಾಗ ಬಿಡುವ ಹುಳಿ ಸುಣ್ಣವನ್ನು ಮುರಿಯುತ್ತದೆ. ಕೊಳೆತ ದಿಂಡನ್ನು ತೆಗೆದು, ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಎರಡು ದಿನ ನಿಂತ ನೀರನ್ನು ರಸಸಾರದ ಕಾಗದದಿಂದ ನೋಡಬೇಕು. ೮.೫ಕ್ಕಿಂತ ಕೆಳಗೆ ಬಂದಿದ್ದರೆ ಮೇಲೆ ಹೇಳಿದಂತೆ ಹೆಪ್ಪು ಹಾಕುವ ಕೆಲಸ ಆರಂಭಿಸಬಹುದು. ಕಟ್ಟಡ ಮುಗಿದ ದಿನದಿಂದ ಮೀನು ಬಿಡುವ ದಿನಕ್ಕೆ ಎರಡು ತಿಂಗಳು ಎಂದು ಮೊದಲೇ ಲೆಕ್ಕ ಹಾಕಿಕೊಂಡರೆ ಸಾಲದ ಕಂತನ್ನೂ ಅದಕ್ಕೆ ತಕ್ಕಂತೆ ಕೇಳಿಕೊಳ್ಳಬಹುದು. ನಾಲ್ಕು ತೊಟ್ಟಿಗಳಿದ್ದರೆ ಒಂದನ್ನು ಮೊದಲು ಹದ ಮಾಡಿ, ಉಳಿದ ಮೂರಕ್ಕೆ ಅದರದೇ ಹೆಪ್ಪು ಹಂಚುವುದು ಜಾಣತನ.

ಕಾಯುವುದು ಮೀನು ಸಾಕಣೆಗೆ ಹೊಸದಲ್ಲ. ಭದ್ರಾವತಿ ತಾಲ್ಲೂಕಿನ ಭದ್ರಾ ಯೋಜನೆಯ ಬಳಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ. ಕಟ್ಲ, ರೋಹು ಮರಿ ಬೆಳೆಸುವ ಮಣ್ಣಿನ ಕೊಳಗಳಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವ ಕ್ರಮವೆಂದರೆ ಕೊಳ ಒಣಗಿಸಿ, ಸುಣ್ಣ ಹಾಕಿ, ಹೆಕ್ಟೇರಿಗೆ ೧೦ ಟನ್ ಸಗಣಿ ಹರಡಿ, ಹದಿನೈದು ದಿನ ಬಿಟ್ಟು ಮರಿ ಬಿಡುವುದು. ಅಲ್ಲಿ ಉದ್ದೇಶ ಮರಿಗಳಿಗೆ ಆಹಾರದ ಹುಳು ಬೆಳೆಸುವುದು. ಅಮೋನಿಯದ ಕೆಲಸವನ್ನು ತಳದ ಮಣ್ಣು, ಪಾಚಿಗಳು ನೋಡಿಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದಲ್ಲಿ ಈ ಮಣ್ಣಿನ ನೆರವು ಇಲ್ಲ. ಅದನ್ನು ಕೊಳವೆನ್ನುವುದಕ್ಕಿಂತ ದೊಡ್ಡ ಗಾಜಿನ ತೊಟ್ಟಿ ಎಂದು ತಿಳಿದು, ಮರಿಗಳನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಬಿಡುವುದು ಲೇಸು. ಸಹಾಯಧನದ ಈಗಿನ ನಿಯಮಗಳನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಬೇಕು. ಹೋಗುವಾಗ ಒಂದು ಶುಭ್ರವಾದ ಬಾಟಲಿಯಲ್ಲಿ ಬಾವಿಯ ನೀರನ್ನೂ ಒಯ್ದು ತೋರಿಸಿದರೆ ಮಾತು ಸುಲಭವಾಗುತ್ತದೆ.

ವಾರಕ್ಕೊಮ್ಮೆ ತೆಗೆಯುವ ತೊಟ್ಟಿಯ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ಹಿತ್ತಿಲ ಬಸಳೆಗೋ ಮಲ್ಲಿಗೆಗೋ ಹಾಕಬಹುದು. ಗಪ್ಪಿ ಬೇಗ ಮರಿ ಹಾಕುತ್ತದೆ. ತೊಟ್ಟಿ ತುಂಬಿತೆಂದು ಹೆಚ್ಚಾದ ಮರಿಗಳನ್ನು ತುಂಗೆಗೋ ಭದ್ರಾ ನಾಲೆಗೋ ಊರ ಕೆರೆಗೋ ಬಿಡಬಾರದು. ಅವು ಹೊರದೇಶದ ಮೀನುಗಳು, ನಮ್ಮ ಹೊಳೆಯ ಮೀನುಗಳ ಮೊಟ್ಟೆ ಮರಿಗಳಿಗೆ ಕಂಟಕವಾಗುತ್ತವೆ. ಹೆಚ್ಚಾದದ್ದನ್ನು ಅಂಗಡಿಗೆ ಹಿಂದಿರುಗಿಸಬಹುದು, ಇಲ್ಲವೇ ಹೊಸ ತೊಟ್ಟಿ ಇಟ್ಟ ನೆರೆಯವರಿಗೆ ಒಂದು ತುಂಡು ಹಳೆಯ ಸ್ಪಂಜಿನ ಸಮೇತ ಕೊಡಬಹುದು.